ಹಳದಿ ಗೆರೆಯ ಅಕ್ಕ

ಚಕ್ರದ ಒಳಮೈಗೆ ಅಂಟಿದ ಬ್ರೇಕಿನ ಕಪ್ಪು ಪುಡಿ ಇನ್ನೂ ಪೂರ್ತಿ ಹೋಗಿಲ್ಲ. ಅಕ್ಕ ಬಟ್ಟೆಯನ್ನು ಮತ್ತೆ ಬಕೆಟ್ಟಿನಲ್ಲಿ ಅದ್ದಿ ಹಿಂಡುತ್ತಾರೆ, ಮಗುವಿನ ಕಿವಿಯ ಹಿಂದೆ ಉಜ್ಜುವ ಹಾಗೆ ಉಜ್ಜುತ್ತಾರೆ. ಅರ್ಧ ಎತ್ತಿದ ಗ್ಯಾರೇಜಿನ ಶಟರಿನ ಕೆಳಗಿಂದ ಆಗಷ್ಟೇ ಬೆಳಕು ನುಸುಳುತ್ತಿದೆ. "ಕೊಳೆ ಹೋದ್ರೆ ತಾನೇ ಬಿರುಕು ಕಾಣೋದು? ಕೊಳೆ ಇದ್ದಾಗ ಎಲ್ಲ ಚಕ್ರಾನೂ ಒಳ್ಳೇದೇ," ಎನ್ನುತ್ತಾರೆ.

ಇದು ಮೊನ್ನೆ ಭಾನುವಾರ ಟ್ರ್ಯಾಕಿನಲ್ಲಿ ಓಡಿದ ಕಾರು. ಅಲ್ಲಿ ಸ್ಪರ್ಧೆಯಿಲ್ಲ, ವಾರವಿಡೀ ಅಂಗಡಿ, ಕಚೇರಿ ನೋಡಿಕೊಂಡ ಜನ ರಜೆಯ ದಿನ ಮನಸಾರೆ ಕಾರು ಓಡಿಸಿ ಹೋಗುತ್ತಾರೆ. ಮುಂದಿನ ಓಟಕ್ಕೆ ಹನ್ನೆರಡು ದಿನ. ಅಷ್ಟರೊಳಗೆ ಅಕ್ಕ ಎಣ್ಣೆ ಬದಲಿಸಬೇಕು, ಬ್ರೇಕಿನ ಪ್ಯಾಡು ಅಳೆಯಬೇಕು, ಟೈರಿನ ಮೈಯೆಲ್ಲ ಸವರಿ ನೋಡಬೇಕು, ನೂರ ನಲವತ್ತಾರು ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಬೇಕು. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಹಳದಿ ಗೆರೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದದ್ದು ಕಾಣುತ್ತದೆ. ಇಪ್ಪತ್ತಾರು ವರ್ಷದಿಂದ ಹೀಗೆ ಎಳೆದೂ ಎಳೆದೂ ಅವರು ಎಲ್ಲರ ಬಾಯಲ್ಲಿ ಗೆರೆಯಕ್ಕ ಆಗಿದ್ದಾರೆ.

ಆದರೆ ಬ್ರೇಕಿನ ಬೋಲ್ಟುಗಳಿಗೆ ಮಾತ್ರ ಅಕ್ಕ ಗೆರೆ ಎಳೆಯುವುದಿಲ್ಲ. ಅದಕ್ಕೆ ಅವರ ಗಂಡ ಬರಬೇಕು. ಎರಡು ಬಾಗಿಲಾಚೆ ಅವರದು ಹೊಲಿಗೆ ಅಂಗಡಿ. ಅಕ್ಕ ಬಿಗಿಯುತ್ತಾರೆ; ಸಾಕಷ್ಟು ಬಿಗಿಯಾದಾಗ ಸ್ಪ್ಯಾನರು 'ಕಟಕ್' ಅನ್ನುತ್ತದೆ. ಗಂಡ ಅದನ್ನು ಕಿವಿಯಾರೆ ಕೇಳಿ, ತಾವೂ ಒಮ್ಮೆ ಎಳೆದು ನೋಡಿ, ಆಮೇಲೆ ಗೆರೆ ಹಾಕುತ್ತಾರೆ.

"ಮೂವತ್ತು ವರ್ಷ ಆಯ್ತು, ಇವಳು ನನ್ನ ಮಾತು ಕೇಳಲ್ಲ. ಸ್ಪ್ಯಾನರ್ ಮಾತು ಮಾತ್ರ ಕೇಳ್ತಾಳೆ."

"ಅದು ಒಂದೇ ಸಲ ಹೇಳಿ ಸುಮ್ಮನಾಗುತ್ತೆ, ಅದಕ್ಕೆ!"

ಈ ಪದ್ಧತಿ ಯಾಕೆ ಎಂದು, ಅಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದ್ದಕ್ಕೆ ಮೂರನೆಯ ಭೇಟಿಯಲ್ಲಿ ಉತ್ತರ ಸಿಗುತ್ತದೆ, ಅದೂ ಅಕ್ಕ ಕೈ ತೊಳೆದು ಬಂದು ಕೂತ ಮೇಲೆ. ಮೂರು ವರ್ಷದ ಹಿಂದೆ ಒಬ್ಬ ಗಣಿತದ ಮೇಷ್ಟ್ರ ಕಾರು ಸಿದ್ಧವಾಗುತ್ತಿತ್ತು. ಅಕ್ಕ ಬ್ರೇಕಿನ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಸ್ಪ್ಯಾನರಿನಿಂದ ಬಿಗಿಯುವ ಮೊದಲೇ ಅಭ್ಯಾಸಬಲದಿಂದ ಗೆರೆ ಎಳೆದಾಗ ಯಾರೋ ಕರೆದರು. ವಾಪಸ್ ಬಂದು ನೋಡಿದರೆ ಗೆರೆ ಇದೆ. ಬಿಗಿದಾಗಿದೆ ಎಂದುಕೊಂಡು ಚಕ್ರ ಹಾಕಿಬಿಟ್ಟರು. ಓಟದ ದಿನ ತಿರುವಿನಲ್ಲಿ ಬೋಲ್ಟು ಕಳಚಿತು. ಕಾರು ಟೈರಿನ ಗೋಡೆಗೆ ಗುದ್ದಿತು. ಮೇಷ್ಟ್ರ ಭುಜದ ಮೂಳೆ ಮುರಿಯಿತು.

"ಆಸ್ಪತ್ರೆಗೆ ಹೋದ್ರೆ ಅವರೇ ನನ್ನ ಕ್ಷಮೆ ಕೇಳಿದ್ರು. ತಡವಾಗಿ ಬ್ರೇಕ್ ಒತ್ತಿದೆ ಅಕ್ಕಾ, ನೀವು ಕಷ್ಟಪಟ್ಟಿದ್ದೆಲ್ಲ ಹಾಳಾಯ್ತು ಅಂದ್ರು. ಬೋಲ್ಟ್ ಇಲ್ಲದ್ದನ್ನ ನಾನು ಆಗಲೇ ನೋಡಿದ್ದೆ. ಆದ್ರೂ ಹೇಳದೆ ವಾಪಸ್ ಬಂದೆ."

ತಪ್ಪು ತಮ್ಮದೆಂದು ಒಪ್ಪಿಕೊಂಡು ಮೇಷ್ಟ್ರಿಗೆ ಆ ವಾರವೇ ಬರೆದ ಕಾಗದ ಸಲಕರಣೆ ಪೆಟ್ಟಿಗೆಯ ತಳದ ಖಾನೆ ಸೇರಿತು. ಪ್ರತಿ ಸಲ ತೆಗೆದು ಓದಿದಾಗಲೂ ಯಾವುದೋ ಸಾಲು ಸಡಿಲ ಅನ್ನಿಸಿ ಮತ್ತೆ ಒಳಗಿಡುತ್ತಿದ್ದರಂತೆ. ಹೋದ ವಾರ ಮೇಷ್ಟ್ರು ಬಂದು ತಮ್ಮ ಹೆಲ್ಮೆಟ್ ಕೊಟ್ಟು ಹೋದರು. "ಯಾರಿಗಾದ್ರೂ ಕೊಡಿ ಅಕ್ಕಾ. ಬ್ರೇಕ್ ಒತ್ತೋ ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಇಲ್ಲ," ಅಂದರಂತೆ. ಅಕ್ಕ ಅದನ್ನು ಯಾರಿಗೂ ಕೊಟ್ಟಿಲ್ಲ. ಧೂಳು ಕೂರದಂತೆ ಬಟ್ಟೆ ಹೊದಿಸಿ ಕಪಾಟಿನ ಮೇಲಿಟ್ಟಿದ್ದಾರೆ.

ಮೊನ್ನೆ ಗ್ಯಾರೇಜಿನ ಯಜಮಾನರಿಗೂ ತಮ್ಮ ತಪ್ಪನ್ನು ಹೇಳಿದರು. "ಪೂರ್ತಿ ಕೇಳಿಸಿಕೊಂಡು ಎದ್ದು ಹೋದ್ರು. ಆದ್ರೆ ಬೀಗದ ಕೈ ವಾಪಸ್ ಕೇಳಲಿಲ್ಲ."

ಮೇಷ್ಟ್ರ ಮನೆ ದೂರವೇನಲ್ಲ, ಹೋಗಿ ಹೇಳಬಹುದಲ್ಲ ಎನ್ನುತ್ತೇನೆ. ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಎದುರಿಗೆ ಹೋದ್ರೆ ನನಗೇ ಸಮಾಧಾನ ಹೇಳ್ತಾರೆ. ನನಗೆ ಸಮಾಧಾನ ಬೇಡ. ಅವರ ಕಾಲು ಸರಿಯಾಗಿತ್ತು, ಅದು ಅವರಿಗೆ ಗೊತ್ತಾಗಬೇಕು. ಮೊದಲು ಈ ಕಾಗದ ಹೋಗಲಿ, ಆಮೇಲೆ ನೀವು ಬರೀರಿ."

ಅಂಗಡಿಯಿಂದ ಬಂದ ಗಂಡನೂ ಸೇರಿ ರಸ್ತೆ ತುದಿಯ ಅಂಚೆ ಡಬ್ಬಿಯವರೆಗೆ ಮೂವರೂ ನಡೆಯುತ್ತೇವೆ. ಅಕ್ಕ ಲಕೋಟೆಯನ್ನು ಗಂಡನ ಕೈಗೆ ಕೊಡುತ್ತಾರೆ. ಅವರು ಅಂಟಿಸಿದ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಮೂಲೆ ಎತ್ತಿ ನೋಡಿ, ಜೇಬಿನಿಂದ ಹಳದಿ ಪೆನ್ನು ತೆಗೆದು ಅಡ್ಡಕ್ಕೊಂದು ಗೆರೆ ಹಾಕುತ್ತಾರೆ.

"ಬಿಗಿಯಾಗಿದೆ. ಹಾಕು."

ಅಕ್ಕ ಹಾಕುತ್ತಾರೆ.