ಖುದ್ದೂಸನ ಮೂರು ಬ್ಲೇಡು

ಖುದ್ದೂಸನ ಕೆಮ್ಮು ನಿಂತಿದ್ದು ಹುಲ್ಲಿನ ಮೇಲೆ ನಡೆದಾಡಿ. ಯಲಹಂಕದ ಕಾರ್ಖಾನೆಯೊಂದರ ಎರಕದ ಶೆಡ್ಡಿನಲ್ಲಿ ಎಂಟು ವರ್ಷ ಹೊಗೆ ಕುಡಿದವನನ್ನು ೧೯೮೧ರಲ್ಲಿ ಗೆಸ್ಟ್ ಹೌಸಿನ ತೋಟಕ್ಕೆ ಹಾಕಿದರು. ಪೆಟ್ರೋಲಿನ ಹುಲ್ಲು ಕತ್ತರಿಸುವ ಮಶೀನನ್ನು ತಳ್ಳಿಕೊಂಡು ಹೋಗುವ ಕೆಲಸ. ಎರಡು ವರ್ಷದಲ್ಲಿ ಎದೆ ಹಗುರವಾಯಿತು. ಹೆಂಡತಿ ಅಕ್ಬರಿ ಆ ಮಶೀನಿನ ಹೆಸರಿನಲ್ಲೂ ದುವಾ ಮಾಡುತ್ತಿದ್ದಳು.

ಒಂದು ಸೋಮವಾರ ಹುಲ್ಲಿನೊಳಗಿನ ಕಲ್ಲಿಗೆ ಬಡಿದು ಬ್ಲೇಡು ಎರಡು ತುಂಡಾಯಿತು. ಬೆಂಗಳೂರಲ್ಲೆಲ್ಲ ಹುಡುಕಿದರೂ ಅಂಥದ್ದು ಸಿಗಲಿಲ್ಲ. ಸೂಪರ್‌ವೈಸರ್ ಆಂಜಿನಪ್ಪ ಬಂದು ನೋಡಿದ.

"ಶನಿವಾರ ದೊಡ್ಡೋರು ಬರ್ತಾರೆ. ಅಷ್ಟರಲ್ಲಿ ಲಾನ್ ಆಗ್ಲಿಲ್ಲ ಅಂದ್ರೆ ಮಶೀನು ಗುಜರಿಗೆ, ನೀನು ವಾಪಸ್ ಎರಕಕ್ಕೆ. ನನ್ ಕೈಲಿಲ್ಲ ಕಣಯ್ಯಾ."

ಖುದ್ದೂಸ್ ಲಾರಿಯ ಹಳೇ ಕಮಾನು ಪಟ್ಟಿ ತಂದು, ಅಳತೆಗೆ ಕತ್ತರಿಸಿ, ಅಂಚು ಮಸೆದು ಬ್ಲೇಡು ಮಾಡಿದ. ಇನ್ನು ಕಲ್ಲೇ ಮುರಿಯಬೇಕು, ಅಷ್ಟು ದಪ್ಪ. ಮಶೀನು ಹೇಗೋ ಹೊರಟಿತು. ಆದರೆ ದಟ್ಟ ಹುಲ್ಲಿಗೆ ಹೋಗುತ್ತಲೇ ನರಳಿತು, ಬಿಸಿಯಾಗಿ ಹೊಗೆ ಕಾರಿತು. ಹುಲ್ಲನ್ನು ಕತ್ತರಿಸಲಿಲ್ಲ, ಹರಿದುಹಾಕಿತು. ಮಾರನೆಯ ದಿನ ತುದಿಗಳೆಲ್ಲ ಹಳದಿ.

ಖುದ್ದೂಸನ ಅಪ್ಪ ಜಟಕಾ ಹೊಡೆಯುತ್ತಿದ್ದವನು. ಕುದುರೆ ಏದುಸಿರು ಬಿಟ್ಟರೆ ಸವಾರಿಯವರನ್ನು ಇಳಿಸು ಎಂಬುದು ಆ ಮನೆಯ ಪಾಠ. ಮಗನೂ ಹಾಗೇ ಮಾಡಿದ. ಬ್ಲೇಡನ್ನು ಬಿಚ್ಚಿ, ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ, ಮೊಳೆಗೆ ತೂಗುಹಾಕಿ ಎರಡೂ ಕಡೆ ಸಮ ಇದೆಯೆಂದು ನೋಡಿ, ಮತ್ತೆ ಜೋಡಿಸಿದ. ಈಗ ಹೂವಿನಷ್ಟು ಹಗುರ.

ಮಶೀನು ಹೊರಡಿಸುವ ಹಗ್ಗ ಎಳೆದ. ಮಶೀನು ಹೊರಡುವ ಬದಲು ಹಗ್ಗವನ್ನೇ ರಪ್ಪನೆ ಹಿಂದಕ್ಕೆ ಸೆಳೆದುಕೊಂಡಿತು, ಬೆರಳು ಜುಮ್ಮೆಂದಿತು. ಇಪ್ಪತ್ತು ಸಲ ಎಳೆದರೂ ಅದೇ. ಭಾರ ಇಳಿಸಿದ ಮೇಲೆ ಯಾವ ಪ್ರಾಣಿ ಒದೆಯುತ್ತದೆ? ಗುರುವಾರ ಮಧ್ಯಾಹ್ನ ಅವನು ಹುಲ್ಲಿನ ಮೇಲೆ ಕೂತುಬಿಟ್ಟ.

ಬಾದಾಮಿ ಕಡೆಯ ಫಿಟ್ಟರ್ ಮಹಾಲಿಂಗಪ್ಪ ಊಟ ಮುಗಿಸಿ ಆ ದಾರಿಯಲ್ಲಿ ಬಂದ.

"ಏನ್ ಸಾಹೇಬ, ಮಶೀನಿನ ಕೂಡ ಮಾತು ಬಿಟ್ಟೀಯೇನು?"

ಖುದ್ದೂಸ್ ಎಲ್ಲ ಹೇಳಿದ. ಮಹಾಲಿಂಗಪ್ಪ ನಕ್ಕ.

"ಇದು ಕುದುರಿ ಅಲ್ಲೋ ಮಾರಾಯ. ಎಂಜಿನ್ ಒಂದ್ ಏಟು ಹೊಡೀತೈತಿ. ಮುಂದಿನ ಏಟು ಬರೋ ತನಕ ಅದನ್ನ ತಿರುಗಿಸಾವ್ರು ಯಾರು? ಬ್ಲೇಡಿನ ತೂಕ. ನೀ ಅದನ್ನ ಉಜ್ಜಿ ಬಿಸಾಕಿದಿ."

"ಹಂಗಾದ್ರೆ ಭಾರ ಇರೋದೇ ಒಳ್ಳೇದು?"

"ಹೌದು."

"ಮತ್ತೆ ಮೊದಲನೇದಕ್ಕೆ ಯಾಕಣ್ಣಾ ನರಳ್ತು?"

"ಅದು ಭಾಳ ಭಾರ ಆತು. ತಿರುಗಿಸಾಕ ದಮ್ ಸಾಲಲಿಲ್ಲ."

"ಅಣ್ಣಾ, ಭಾರ ಒಳ್ಳೇದಾ ಕೆಟ್ಟದ್ದಾ? ಒಂದ್ ಹೇಳಿ ಸಾಕು!"

"ಎರಡೂ. ಹಳೇ ತುಂಡು ಅದಾವಲ್ಲ? ತೂಕ ಮಾಡು, ಹೊಸಾದು ಅಷ್ಟೇ ಇರಲಿ, ಹೋಗು."

ಖುದ್ದೂಸ್ ಮುರಿದ ತುಂಡುಗಳನ್ನೂ ತೆಳ್ಳಗಿನ ಬ್ಲೇಡನ್ನೂ ಚೀಲಕ್ಕೆ ಹಾಕಿಕೊಂಡು ಸಂತೆ ಬೀದಿಗೆ ಹೋದ. ತರಕಾರಿ ವೆಂಕಟಲಕ್ಷ್ಮಮ್ಮ ತಕ್ಕಡಿಗೆ ಬೀನ್ಸ್ ಸುರಿಯುತ್ತಿದ್ದಳು.

"ಏನ್ ಸಾಬ್ರೇ, ಮನೇಲಿ ಕಬ್ಬಿಣದ ಪಲ್ಯಾನಾ? ಹಲ್ಲು ಗಟ್ಟಿ ಐತಾ?"

"ನಗ್ಬೇಡ್ರಮ್ಮಾ, ಸರಿಯಾಗಿ ತೂಗಿ."

ಹಳೇ ತುಂಡುಗಳು ಆರುನೂರ ಐವತ್ತು ಗ್ರಾಂ. ಅವನು ತೆಳ್ಳಗೆ ಮಾಡಿದ್ದು ಮುನ್ನೂರ ಐವತ್ತಕ್ಕೂ ಕಡಿಮೆ. ಉಜ್ಜುವ ಮೊದಲು ಅದು ಎಷ್ಟಿತ್ತೋ ದೇವರಿಗೇ ಗೊತ್ತು.

ಶುಕ್ರವಾರವಿಡೀ ಇನ್ನೊಂದು ಕಮಾನು ಪಟ್ಟಿ ಉಜ್ಜಿದ. ನಾಲ್ಕನೇ ಸಲ ತೂಗಿಸಲು ಹೋದಾಗ ವೆಂಕಟಲಕ್ಷ್ಮಮ್ಮ "ಇವತ್ ನೀವೇ ನನ್ ಗಿರಾಕಿ" ಅಂದಳು. ಐದನೇ ಸಲ ಆರುನೂರ ಐವತ್ತಕ್ಕೆ ಮುಳ್ಳು ನೆಟ್ಟಗೆ ನಿಂತಿತು.

ಶನಿವಾರ ಬೆಳಿಗ್ಗೆ ಎರಡನೇ ಎಳೆತಕ್ಕೆ ಮಶೀನು ಹೊರಟಿತು. ಹುಲ್ಲು ಕ್ಷೌರ ಮಾಡಿದಂತೆ ಬಿತ್ತು. ಆಂಜಿನಪ್ಪ ಚಪ್ಪಲಿ ಕಳಚಿ ಲಾನಿನ ಮೇಲೆ ಎರಡು ಹೆಜ್ಜೆ ಇಟ್ಟು ನೋಡಿ, "ಇಂಥದ್ದೇ ಇನ್ನೊಂದು ಮಾಡಿಟ್ಕೋ. ನೀನೇ ತಾನೆ ಇಲ್ಲಿ ಇರೋನು" ಅಂದ.

ಆಮೇಲಿನ ವರ್ಷಗಳಲ್ಲಿ ಹೆಬ್ಬಾಳ, ಆರ್.ಟಿ. ನಗರದ ಬಂಗಲೆಗಳ ಮಾಲಿಗಳೂ ಮುರಿದ ಬ್ಲೇಡು ಹಿಡಿದು ಅವನಲ್ಲಿಗೆ ಬರುತ್ತಿದ್ದರು. ಅವನು ಮೊದಲು ತುಂಡುಗಳನ್ನು ತೂಗಿಸುತ್ತಿದ್ದ. ಯಾಕೆ ಎಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಂಡು ಹೇಳುತ್ತಿದ್ದ:

"ಅದನ್ನ ಮಹಾಲಿಂಗಪ್ಪಣ್ಣನ್ನೇ ಕೇಳ್ರಪ್ಪಾ. ನಂಗೆ ಮೂರು ಸಲ ಹೇಳಿದ್ರು. ಹೇಳುವಾಗ ತಿಳೀತದೆ, ಮನೆ ಸೇರೋ ಹೊತ್ತಿಗೆ ಹೋಗಿರ್ತದೆ."