ಹಲ್ಲಿಗೆ ಹೆದರಿದ ಕೊಲೆಗಾತಿ

ನಾನು ಕಥೆ ಬರೆದಿದ್ದ ಥ್ರಿಲ್ಲರ್ ಸಿನಿಮಾದ ಶೂಟಿಂಗ್ ಹಿರೇಬೆಂಡಿಗೇರಿಯ ಒಂದು ಮನೆಯಲ್ಲಿ ನಡೆದಿತ್ತು. ಅವತ್ತು ದೊಡ್ಡ ತಿರುವು: ಪಾಪದ ಹೆಂಡತಿಯೇ ಗಂಡನ ಕುತ್ತಿಗೆ ಹಿಚುಕುತ್ತಾಳೆ. ಶಾಟ್ ಮುಗಿದದ್ದೇ ತಡ, ಮನೆಯೊಡತಿ ಗಂಗವ್ವ ನನ್ನ ಹತ್ತಿರ ಬಂದರು.

“ನಿನ್ನೆ ತಗದ ಸೀನಿನ್ಯಾಗ ಇಕಿ ಹಲ್ಲಿ ನೋಡಿ ಚೀರಿದ್ಳಲ್ರಿ, ಅದು ಖರೇನೋ ನಾಟಕಾನೋ?”

“ನಾಟಕ ಅವ್ವಾ. ಒಳಗೊಳಗೆ ಆಕೆ ಭಾರಿ ಗಟ್ಟಿಗಿತ್ತಿ.”

“ಆ ಸೀನಿನ್ಯಾಗ ಮನ್ಯಾಗ ಇಕಿ ಒಬ್ಬಾಕಿನ ಇದ್ಳಲ್ರಿ. ಯಾರ ಮುಂದ ನಾಟಕ ಮಾಡಿದ್ಳ್ರಿ?”

ನಟಿಯನ್ನು ಕೇಳಿದರೆ, “ನಿಜವಾಗಿ ಹೆದರಿದ್ದಾಳೆ ಅಂತಲೇ ಮಾಡಿದೆ ಸರ್” ಎಂದಳು. ನಿರ್ದೇಶಕರು, “ಅವಳಿಗೆ ಹುಚ್ಚು ಅಂತಲ್ವಾ ನೀನು ಬರೆದದ್ದು?” ಎಂದರು. ಕೆಲಸ ನಿಂತಿತು. ಮೂವರೂ ವಾದಿಸಿ ವಾದಿಸಿ, ಕೊನೆಗೆ ಹಲ್ಲಿಯ ದೃಶ್ಯವನ್ನೇ ತೆಗೆದುಹಾಕಿದೆವು.

ಗಂಗವ್ವನಿಗೆ ಸಮಾಧಾನವಾಯಿತು. ಆದರೆ ಆ ಹೆಂಡತಿ ಗಂಡನನ್ನು ಯಾಕೆ ಕೊಂದಳು ಎಂಬುದೇ ಈಗ ಕಥೆ ಬರೆದ ನನಗೂ ಸರಿಯಾಗಿ ಹೊಳೆಯುತ್ತಿಲ್ಲ.