ಬಹಮನ್ ತಿಂಗಳ ಎಳ್ಳಮಾಸಿ

ಬಿಂದಪ್ಪ ಮಾಸ್ತರರ ಪೂರ್ತಿ ಹೆಸರು ಬಿಂದುಮಾಧವರಾವ್. ಆ ಹೆಸರಿನಿಂದ ಅವರನ್ನು ಕರೆದವರು ಇಬ್ಬರೇ: ಕಚೇರಿಯ ಕಾಗದ ಬರೆಯುವ ಕಾರಕೂನ, ಮತ್ತು ಸಿಟ್ಟು ಬಂದಾಗ ಅವರ ತಾಯಿ. ನಿಜಾಮರ ಕಾಲದಲ್ಲಿ, ವಾಡಿಗೂ ಚಿತ್ತಾಪುರಕ್ಕೂ ನಡುವೆ ಇರುವ ನಮ್ಮೂರಿನ ಶಾಲೆಯಲ್ಲಿ, ಅವರು ನಾಲ್ಕನೆಯ ಮತ್ತು ಐದನೆಯ ತರಗತಿಯ ಹುಡುಗರನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸಿದರು. ನಮ್ಮಜ್ಜ ಬಸವಂತರಾಯ ಅವರ ಕೈಯಲ್ಲಿ ಕಲಿತವನು. ಇಲ್ಲಿ ಬರೆದಿರುವುದು ಅಜ್ಜನಿಂದ ಮತ್ತು ಅವನ ಜೊತೆ ಕಲಿತ ಇನ್ನಿಬ್ಬರಿಂದ ಕೇಳಿದ್ದು.

ಮಾಸ್ತರರು ಸೇಡಂ ಕಡೆಯ ವೈಷ್ಣವ ಮನೆತನದವರು. ಹಣೆಗೆ ಅಂಗಾರ ಅಕ್ಷತೆ, ಮೈಮೇಲೆ ಕರಿ ಕೋಟು, ಕೋಟಿನ ಬಲಗಡೆಯ ಕಿಸೆ ಯಾವಾಗಲೂ ಸುಣ್ಣದ ಕಡ್ಡಿಯಿಂದ ಬೆಳ್ಳಗೆ. ಅವರಿಗೆ ಬೈಯಲು ಬರುತ್ತಿರಲಿಲ್ಲ. ಹುಡುಗ ಲೆಕ್ಕ ತಪ್ಪಿದರೆ, "ಹೌದಾ? ಹೆಂಗ ಬಂತು, ತೋರ್ಸು" ಎನ್ನುತ್ತಿದ್ದರು. ಹಾಗೆ ತೋರಿಸುವುದಕ್ಕಿಂತ ಎರಡು ಏಟು ತಿನ್ನುವುದು ಹಗುರವಾಗಿತ್ತು ಎಂದು ಅಜ್ಜ ಹೇಳುತ್ತಿದ್ದ.

ಆಗಿನ ಪಾಠಗಳಿಗೆ ಒಂದಕ್ಕೊಂದು ಗುರುತು ಪರಿಚಯ ಇರಲಿಲ್ಲ. ಲೆಕ್ಕ ಉರ್ದುವಿನಲ್ಲಿ, ವಾಚನ ಕನ್ನಡದಲ್ಲಿ, ಭೂಗೋಳದಲ್ಲಿ ಹುಡುಗರು ಎಂದೂ ಕಾಣದ ಊರುಗಳ ಹೆಸರು. ಎಲ್ಲವನ್ನೂ ಬಾಯಿಪಾಠ ಮಾಡಿ ಒಪ್ಪಿಸಬೇಕು. ಮಳೆಗಾಲದಲ್ಲಿ ಕಳೆ ತೆಗೆಯಲು ಹೋದ ಹುಡುಗರಲ್ಲಿ ಬಹಳ ಜನ ತಿರುಗಿ ಶಾಲೆಗೆ ಬರುತ್ತಿರಲಿಲ್ಲ. 1935ರಲ್ಲಿ ಇಪ್ಪತ್ತೆರಡು ಹುಡುಗರಿಂದ ಶುರುವಾದ ಕೋಣೆಯಲ್ಲಿ ದೀಪಾವಳಿಯ ಹೊತ್ತಿಗೆ ಉಳಿದವರು ಆರು.

ಮಾಸ್ತರರು ಮನೆಮನೆಗೆ ಹೋಗಿ ಕೇಳಿದರು. ನಮ್ಮಜ್ಜನ ತಂದೆ ದೇವೀಂದ್ರಪ್ಪ ಎತ್ತಿಗೆ ಮೇವು ಹಾಕುತ್ತಲೇ ಉತ್ತರ ಕೊಟ್ಟನಂತೆ.

"ಶಾಲಿಗಿ ಕಳಿಸಿದ್ರ ಹೊಲದ ಕೆಲಸ ಮರೀತಾನ್ರಿ. ಹೊಲಕ್ಕ ಕರಕೊಂಡು ಹೋದ್ರ ನಿಮ್ಮ ಪಾಠ ಮರೀತಾನ. ಎರಡೂ ಮರತ ಮಗನ್ನ ಕಟಗೊಂಡು ನಾ ಏನ್ ಮಾಡ್ಲಿ, ನೀವೇ ಹೇಳ್ರಿ."

ಮಾಸ್ತರರಿಗೆ ಅದು ತಮಾಷೆಯ ಮಾತಾಗಿ ಕೇಳಲಿಲ್ಲ. ಆ ಚಳಿಗಾಲ ಪೂರ್ತಿ ಅವರು ಒಂದು ದೊಡ್ಡ ಹಾಳೆಯ ಮುಂದೆ ಕೂತರು. ಹಾಳೆಯಲ್ಲಿ ಹನ್ನೆರಡು ಮನೆ ಹಾಕಿ, ತಿಂಗಳಿಗೆ ಒಂದು ವಸ್ತುವಿನಂತೆ ಇಡೀ ವರ್ಷದ ಪಾಠ ಹೊಂದಿಸಿದರು. ಮೊದಲ ತಿಂಗಳು ಮಳೆ. ಆಮೇಲೆ ಕಲ್ಲು, ರೈಲು, ನದಿ, ಹೊಲ. ಆ ತಿಂಗಳ ಲೆಕ್ಕ, ಕನ್ನಡ, ಉರ್ದು, ಭೂಗೋಳ, ಚಿತ್ರ ಎಲ್ಲವೂ ಆ ಒಂದೇ ವಸ್ತುವಿನಿಂದ ಹೊರಡಬೇಕು. ಪ್ರತಿ ಮನೆಯ ಮೇಲ್ಗಡೆ, ಸೂರ್ಯನ ಲೆಕ್ಕದಲ್ಲಿ ನಡೆಯುವ ಸರಕಾರದ ಫಸಲಿ ವರ್ಷದ ತಿಂಗಳು ಬರೆದರು: ಅಮರದಾದ್, ಶಹರೇವರ್, ಮೆಹರ್, ಹೀಗೆ. ಊರಿನ ಹಬ್ಬಗಳು ಪಂಚಾಂಗದ ಪ್ರಕಾರ ನಡೆಯುತ್ತವಾದ್ದರಿಂದ ಕೆಳಗಡೆ ಜ್ಯೇಷ್ಠ, ಆಷಾಢ, ಶ್ರಾವಣ ಎಂದು ಬರೆದರು.

ಹೆಡ್ ಮಾಸ್ತರ್ ಗುಲಾಮ್ ರಸೂಲ್ ಸಾಹೇಬರು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಇದ್ರಾಗ ಲೆಕ್ಕ ಎಲ್ಲಿ ಅದ ಮಾಸ್ತರ್?"

"ಎಲ್ಲಾ ಮನ್ಯಾಗೂ ಅದರಿ."

"ಉರ್ದು?"

"ಅದೂ ಎಲ್ಲಾ ಮನ್ಯಾಗ ಅದರಿ."

"ಮತ್ತ ದೊಡ್ಡ ಸಾಹೇಬ್ರು ಬಂದು ಈಗ ಯಾವ ತಾಸು ನಡದದ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಕಲ್ಲಿನ ತಾಸು ಅನ್ಲಾ?"

ಹಾಗೆ ಅಂದರೂ ಗುಲಾಮ್ ರಸೂಲ್ ಸಾಹೇಬರೇ ಅದನ್ನು ಒಳ್ಳೆಯ ಉರ್ದುವಿನಲ್ಲಿ ನಕಲು ಮಾಡಿ ಜಿಲ್ಲಾ ಕಚೇರಿಗೆ ಕಳಿಸಿದರು. ಶಾಲೆಗಳ ತಪಾಸಣೆ ಮಾಡುವ ಮುಹತಮಿಮ್ ಸಾಹೇಬರಿಂದ ಬೇಸಿಗೆಯಲ್ಲಿ ಉತ್ತರ ಬಂತು: ಒಂದು ವರ್ಷ ಮಾಡಿ ನೋಡಿ. ಬಹಮನ್ ತಿಂಗಳ ಇಪ್ಪತ್ತೊಂದನೆಯ ತಾರೀಖು ಹೊಲದ ಪಾಠ ನೋಡಲು ನಾನೇ ಬರುತ್ತೇನೆ. ಮನಸ್ಸಿಗೆ ಬಾರದಿದ್ದರೆ ಹಳೆಯ ಕ್ರಮವೇ ನಡೆಯಬೇಕು, ಮಾಸ್ತರರನ್ನು ಚಿಂಚೋಳಿ ಕಡೆಗೆ, ಚಿಮ್ಮನಚೋಡದ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಲಾಗುವುದು. ತಾರೀಖನ್ನು ಸಾಹೇಬರು ತಾವಾಗಿ ಆರಿಸಿರಲಿಲ್ಲ. ಹಾಳೆಯಲ್ಲಿ ಮಾಸ್ತರರೇ ಆ ದಿನ ಎಳ್ಳಮಾಸಿ ಎಂದು ಬರೆದಿದ್ದರು. ಎಳ್ಳಮಾಸಿಗೆ ನಮ್ಮ ಕಡೆ ಮನೆಗೆ ಬೀಗ ಹಾಕಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಬಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಯ ಎಡೆಯೆಂದು ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಉಣ್ಣುವ ಅಮಾವಾಸ್ಯೆ ಅದು. ತಂದೆತಾಯಿಗಳ ಎದುರಿಗೆ ಹುಡುಗರು ತಮ್ಮ ಹೊಲದ ಲೆಕ್ಕ ಹೇಳಲಿ, ಬರೆದದ್ದು ಓದಲಿ ಎಂಬುದು ಅವರ ಆಸೆ.

1936ರ ಮಳೆಗಾಲದಲ್ಲಿ ಪಾಠ ಶುರುವಾಯಿತು. ಕಲ್ಲಿನ ತಿಂಗಳಲ್ಲಿ ಹುಡುಗರನ್ನು ಗಣಿಗೆ ಕರೆದುಕೊಂಡು ಹೋದರು. ಕಲ್ಲು ಸೀಳುವ ಚಂದ್ರಾಮ, ಉಳಿಯಿಂದ ಬಡಿದಾಗ ಬರುವ ಸಪ್ಪಳದಿಂದಲೇ ಪದರು ಎಲ್ಲಿದೆ ಎಂದು ಹೇಳಿದ. ಹುಡುಗರು ನೆಲಕ್ಕೆ ಹಾಸುವ ಪರಸಿ ಕಲ್ಲುಗಳ ಉದ್ದಗಲ ಅಳೆದರು, ಒಂದು ಕೋಣೆಗೆ ಎಷ್ಟು ಬೇಕೆಂದು ಲೆಕ್ಕ ಹಾಕಿದರು, ಶಹಾಬಾದಿಗೆ ಉರ್ದುವಿನಲ್ಲಿ ಪರಸಿ ಬೇಕೆಂದು ಪತ್ರ ಬರೆದರು, ಚಂದ್ರಾಮ ಹೇಳಿದ್ದನ್ನು ಕನ್ನಡದಲ್ಲಿ ಬರೆದರು. ರೈಲಿನ ತಿಂಗಳಲ್ಲಿ ವಾಡಿ ಜಂಕ್ಷನ್‌ನ ಗಾಡಿಗಳ ವೇಳೆಯೇ ಲೆಕ್ಕದ ಪುಸ್ತಕವಾಯಿತು. ನದಿಯ ತಿಂಗಳಲ್ಲಿ ಎರಡು ಬಂಡಿ ಕಟ್ಟಿ ಸನ್ನತಿಗೆ ಹೋಗಿ ಭೀಮೆಯನ್ನು ನೋಡಿ ಬಂದರು. ಆ ವರ್ಷ ಕಳೆ ತೆಗೆಯುವ ಕಾಲ ಮುಗಿದ ಮೇಲೂ ಹದಿನಾಲ್ಕು ಹುಡುಗರು ಉಳಿದರು. ಅಜ್ಜನೂ ಉಳಿದ. ಯಾಕೆಂದರೆ ಹೊಲದ ತಿಂಗಳ ಪಾಠಕ್ಕೆ ದೇವೀಂದ್ರಪ್ಪನ ಹೊಲವನ್ನೇ ಆರಿಸಿದ್ದರು. ಮಗ ಹೊಲಕ್ಕೆ ಹೋದರೂ ಅದು ಶಾಲೆಗೆ ಹೋದಂತೆಯೇ ಆಗುತ್ತಿತ್ತು.

ಡಿಸೆಂಬರ್ ಮೊದಲಲ್ಲಿ ಬಹಮನ್ ತಿಂಗಳು ಹಿಡಿದ ಎರಡು ಮೂರು ದಿನಕ್ಕೆ ಹುಡುಗರು ಬಾವಿಯ ಹಗ್ಗ ಹಿಡಿದು ಹೊಲ ಅಳೆಯುತ್ತಿದ್ದರು. ಮಾಸ್ತರರು ದೇವೀಂದ್ರಪ್ಪನ ಹೆಂಡತಿ ಶಿವಕಾಂತಮ್ಮನಿಗೆ, ಇಪ್ಪತ್ತೊಂದಕ್ಕೆ ಸಾಹೇಬರೂ ಊಟಕ್ಕೆ ಬರುತ್ತಾರೆ, ಬಜ್ಜಿ ಸ್ವಲ್ಪ ಹೆಚ್ಚು ಮಾಡಬೇಕು ಎಂದರು. ಶಿವಕಾಂತಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು.

"ಇಪ್ಪತ್ತೊಂದಕ್ಕ ಎಳ್ಳಮಾಸಿ ಎಲ್ಲಿ ಬಂತ್ರಿ ಮಾಸ್ತರ? ಅದಕ್ಕ ಇನ್ನಾ ತಿಂಗಳ ಮ್ಯಾಲ ಅದ. ಈ ಸಲ ಅಧಿಕ ಮಾಸ ಬಂದಿತ್ತಲ್ಲ."

ಮಾಸ್ತರರು ಹಗ್ಗ ಬಿಟ್ಟು ಮನೆಗೆ ಬಂದರು. ಹಾಳೆ ಬರೆದದ್ದು ಯುಗಾದಿಗೆ ಮುಂಚೆ. ಹೊಸ ಪಂಚಾಂಗ ಇನ್ನೂ ಬಂದಿರಲಿಲ್ಲವಾದ್ದರಿಂದ ಹಳೆಯದನ್ನೇ ಮುಂದಿಟ್ಟುಕೊಂಡು ತಿಂಗಳುಗಳನ್ನು ಹೊಂದಿಸಿದ್ದರು; ಬಂದ ಮೇಲೆ ತಾಳೆ ನೋಡಿರಲಿಲ್ಲ. ಆ ವರ್ಷ ಭಾದ್ರಪದ ಎರಡು ಸಲ ಬಂದು, ಆಮೇಲಿನ ಹಬ್ಬಗಳೆಲ್ಲ ಮುಂದಕ್ಕೆ ಹೋಗಿದ್ದವು. ದಸರೆಯ ಸೂಟಿ ತಡವಾಗಿ ನದಿಯ ಪಾಠ ಎಳೆದುಕೊಂಡು ಹೋದಾಗಲೂ ಅವರಿಗೆ ಹೊಳೆದಿರಲಿಲ್ಲ. ಅವರ ಹೆಂಡತಿ ಭಾಮಾಬಾಯಿ ಸುಮ್ಮನೆ ಬಿಡಲಿಲ್ಲ.

"ಅಧಿಕ ಮಾಸ ಅಂತ ಮೂವತ್ತಮೂರು ಅನಾರಸ ಕರಿಸಿ ದಾನ ಮಾಡಿದ್ರಿ. ಅಳಿಯ ಅಂತ ನಮ್ಮಪ್ಪನ ಕಡಿಂದ ಬೆಳ್ಳಿ ಬಟ್ಟಲಾ ತಗೊಂಡು ಬಂದ್ರಿ. ಬಟ್ಟಲಾ ನೆನಪದ, ಮಾಸ ನೆನಪಿಲ್ಲ."

ಪತ್ರ ಬರೆದು ತಿಳಿಸೋಣವೆಂದರೆ ಸಾಹೇಬರು ತಿರುಗಾಟದಲ್ಲಿದ್ದರು. ಅವರ ಡೇರೆ ಇವತ್ತು ಯಾವ ಊರಲ್ಲಿ ಎಂದು ಕಚೇರಿಗೂ ಗೊತ್ತಿರಲಿಲ್ಲ. ಗುಲಾಮ್ ರಸೂಲ್ ಸಾಹೇಬರ ಮನಸ್ಸಿನಲ್ಲಿ ಒಂದು ಉಪಾಯವಿತ್ತು. ಆದರೆ ಆಗ ರಂಜಾನ್. ರೋಜಾ ಇರುವಾಗ ಅಂಥ ಮಾತು ಆಡಬಾರದೆಂದು ಅವರು ಈದ್ ಮುಗಿಯುವ ತನಕ ತಡೆದರು. ಈದಿನ ಮರುದಿನ ಹೇಳಿದರು:

"ಸಾಹೇಬ್ರು ಹೈದರಾಬಾದ್ ಶಹರದವ್ರು. ನಿಮ್ಮ ಅಮಾಸಿ ಹುಣ್ಣಿವಿ ಅವ್ರಿಗೇನ್ ತಿಳೀತದ? ಆ ದಿವಸನೇ ಎಳ್ಳಮಾಸಿ ಮಾಡಿಬಿಡ್ರಿ. ಬಜ್ಜಿ ರೊಟ್ಟಿ ಕಂಡ್ರ ಸಾಕು."

ಊರಿನವರು ಒಪ್ಪಿದರು. ಮಾಸ್ತರರು ಚಿಂಚೋಳಿಗೆ ಹೋಗುವುದು ಯಾರಿಗೂ ಬೇಕಿರಲಿಲ್ಲ. ದೇವೀಂದ್ರಪ್ಪ ಬಂಡಿಗೆ ಹೊಸ ಚಾಪೆ ಕಟ್ಟುತ್ತೇನೆ ಎಂದ. ಶಿವಕಾಂತಮ್ಮ ಮಾತ್ರ ಅರ್ಧಕ್ಕೇ ನಿಂತಳು.

"ಬಜ್ಜಿ ಮಾಡ್ತೀನ್ರಿ, ರೊಟ್ಟಿ ಬಡೀತೀನಿ, ಎಷ್ಟ್ ಮಂದಿ ಬಂದ್ರೂ ಉಣ್ಣಸ್ತೀನಿ. ಚರಗ ಮಾತ್ರ ಚೆಲ್ಲಂಗಿಲ್ಲ. ಸಾಹೇಬ್ರಿಗಿ ನೀವು ಏನರ ಹೇಳ್ಕೋರಿ, ಭೂಮಿತಾಯಿಗಿ ಸುಳ್ಳು ಹೇಳು ಅನಬ್ಯಾಡ್ರಿ."

ಮಾಸ್ತರರು ಎರಡು ದಿನ ಅದನ್ನೇ ಲೆಕ್ಕ ಹಾಕಿದರು. ಸಾಹೇಬರು ಹುಡುಗರನ್ನು ಕೇಳಿಯೇ ಕೇಳುತ್ತಾರೆ: ಇವತ್ತು ಏನು ವಿಶೇಷ? ಹದಿನಾಲ್ಕು ಹುಡುಗರು ಎಳ್ಳಮಾಸಿ ಎಂದು ಹೇಳಬೇಕು, ಅದನ್ನು ತಾವೇ ಹೇಳಿಕೊಡಬೇಕು. ಇಪ್ಪತ್ತನೆಯ ತಾರೀಖು ಸಂಜೆ ಅವರು ದೇವೀಂದ್ರಪ್ಪನ ಮನೆಗೆ ಹೋಗಿ ಬಂಡಿ ಬೇಡ, ಬಜ್ಜಿ ಬೇಡ ಎಂದು ಹೇಳಿ ಬಂದರು. ಭಾಮಾಬಾಯಿಗೆ ಚಿಂಚೋಳಿಯಲ್ಲಿ ನೀರು ಚಲೋ ಅಂತ ಹೇಳ್ತಾರೆ ಎಂದರಂತೆ.

ಮರುದಿನ ಮುಹತಮಿಮ್ ಸಾಹೇಬರು ಚಿತ್ತಾಪುರ ಸ್ಟೇಷನ್ನಿನಿಂದ ಟಾಂಗಾದಲ್ಲಿ ಬಂದರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಹೊಲದಲ್ಲಿ ಹುಡುಗರ ಹೊರತು ಯಾರೂ ಇರಲಿಲ್ಲ. ಮಾಸ್ತರರು ಎಲ್ಲರ ಎದುರಿಗೆ ಉರ್ದುವಿನಲ್ಲಿ ಹೇಳಿದರು: ಇವತ್ತು ಎಳ್ಳಮಾಸಿ ಅಲ್ಲ, ಅಧಿಕ ಮಾಸ ಮರೆತು ನಾನು ತಪ್ಪು ಬರೆದೆ, ಹೊಲ ಅಳೆದಿದ್ದಾರೆ, ಸಾಲು ಎಣಿಸಿದ್ದಾರೆ, ಬರೆಯುವುದು, ಚಿತ್ರ ತೆಗೆಯುವುದು ಆಗಿಲ್ಲ.

ಸಾಹೇಬರು ಒಂದು ಜೋಳದ ತೆನೆ ಹಿಡಿದು ನೋಡಿದರು. ಆಮೇಲೆ, ಹತ್ತು ದಿನದ ಹಿಂದೆ ಈದಿನ ಚಂದ್ರನಿಗಾಗಿ ಆಕಾಶ ನೋಡುತ್ತ ನಿಂತಿದ್ದವನು ನಾನು, ಇವತ್ತು ಅಮಾವಾಸ್ಯೆ ಅಲ್ಲವೆಂದು ಟಾಂಗಾ ಹತ್ತುವಾಗಲೇ ಗೊತ್ತಿತ್ತು, ನೀವು ಏನು ಹೇಳುತ್ತೀರಿ ಎಂದು ನೋಡಲು ಬಂದೆ ಎಂದರು. ಗುಲಾಮ್ ರಸೂಲ್ ಸಾಹೇಬರು ತಾವೂ ಅದೇ ಚಂದ್ರನನ್ನು ನೋಡಿದ್ದವರು. ಅವರು ತಮ್ಮ ಬೂಟಿನ ಕಡೆ ನೋಡಿದರು.

ಹಾಗೆಂದು ಸಾಹೇಬರು ಒಪ್ಪಿಗೆ ಕೊಡಲಿಲ್ಲ. ನಿಜ ಹೇಳುವುದು ಬೇರೆ, ಹುಡುಗರು ಕಲಿಯುವುದು ಬೇರೆ ಎಂದರು. ಅರ್ಧ ಪಾಠ ನೋಡಿ ಏನು ತೀರ್ಮಾನ ಮಾಡಲಿ ಎಂದು ಕೇಳಿ, ಹುಡುಗರಿಗೇ ಒಂದು ಕೆಲಸ ಹಚ್ಚಿದರು. ಮುಂದಿನ ಐದು ವರ್ಷ ಎಳ್ಳಮಾಸಿ ಫಸಲಿಯ ಯಾವ ತಿಂಗಳ ಯಾವ ತಾರೀಖಿಗೆ ಬರುತ್ತದೆ? ಲೆಕ್ಕ ಹಾಕಿ, ಹೇಗೆ ಬಂತು ಎಂಬುದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು, ಹತ್ತು ದಿನದೊಳಗೆ ಕಳಿಸಬೇಕು. ಮಾಸ್ತರರು ಒಂದಕ್ಷರ ಹೇಳಿಕೊಡಬಾರದು. ಅದನ್ನು ನೋಡಿ ಹುಕುಂ ಬರೆಯುತ್ತೇನೆ ಎಂದರು.

ಹುಡುಗರು ಮಧ್ಯಾಹ್ನದ ಹೊತ್ತು ಮಾಸ್ತರರ ಮನೆಯ ಪಡಸಾಲೆಯಲ್ಲಿ ಸೇರಿದರು, ಏಕೆಂದರೆ ಪಂಚಾಂಗ ಅಲ್ಲಿತ್ತು. ಫಸಲಿ ತಾರೀಖುಗಳಿರುವ ಸರಕಾರಿ ಜಂತ್ರಿಯನ್ನು ಅವರ ಜೊತೆ ಕಲಿಯುತ್ತಿದ್ದ, ಗುಲಾಮ್ ರಸೂಲ್ ಸಾಹೇಬರ ಮಗ ಮೆಹತಾಬ್ ತಂದ. ಮಾಸ್ತರರು ಹೊರಗಿನ ಕಟ್ಟೆಯ ಮೇಲೆ, ಒಳಗಡೆಗೆ ಬೆನ್ನು ಮಾಡಿ ಕೂತರು. ಒಳಗಿನ ಜಗಳ ಬೀದಿಗೆ ಕೇಳುತ್ತಿತ್ತು.

"ವರ್ಷಕ್ಕ ಹನ್ನೊಂದು ದಿನ ಹಿಂದ ಬರ್ತದ, ಸರಿ," ಎಂದ ನಮ್ಮಜ್ಜ ಬಸವಂತ. "ಎರಡೂವರಿ ಮೂರು ವರ್ಷಕ್ಕೊಮ್ಮಿ ಅಧಿಕ ಮಾಸ ಬರ್ತದ, ಆ ವರ್ಷ ತಿಂಗಳ ಮುಂದ ಹೋಗ್ತದ, ಅದು ಹಿಡಿ."

"ನಿಮ್ಮ ಹಬ್ಬಕ್ಕ ಭಾಳ ಚೈನಿ ನೋಡು," ಎಂದ ಮೆಹತಾಬ್. "ಹಿಂದ ಬಂದು ಬಂದು ಸಾಕಾದ್ರ ಒಮ್ಮಿ ಜಿಗದು ಮುಂದ ಹೋಗ್ತದ. ನಮ್ಮ ರಂಜಾನ್ ಪಾಪ ಬರೇ ಹಿಂದ ಹಿಂದ ನಡೀತದ, ಎಲ್ಲೂ ಕುಂದ್ರಂಗಿಲ್ಲ."

"ಅದಕ್ಕ ನಿಮ್ಮಪ್ಪ ಬ್ಯಾಸಗ್ಯಾಗೂ ರೋಜಾ ಇರ್ತಾರ, ಚಳಿಗಾಲದಾಗೂ ಇರ್ತಾರ."

"ಅದೂ ಬರಿ. ಉರ್ದುದಾಗ ನಾ ಬರೀತೀನಿ, ಕನ್ನಡದಾಗ ನೀ ಬರಿ."

ಭಾಮಾಬಾಯಿ ಹುಡುಗರಿಗೆ ಅವಲಕ್ಕಿ ಕೊಟ್ಟು ಹೊರಗೆ ಬಂದು, ಒಳಗೆ ಈಗ ಯಾವ ವಿಷಯ ನಡೆದಿದೆ ಎಂದು ಕೇಳಿದರಂತೆ. ಮಾಸ್ತರರು ಕಿವಿಗೊಟ್ಟು ಕೇಳಿ, ತಿಳಿಯುತ್ತಿಲ್ಲ ಎಂದರು.

ಒಂಬತ್ತನೆಯ ದಿನ ಬರೆದದ್ದು ಮುಗಿಯಿತು. ಹದಿನಾಲ್ಕು ಜನರೂ ಕೆಳಗೆ ರುಜು ಹಾಕಿದರು. ಲಕೋಟೆಗೆ ಹಾಕಿ ಅಂಚೆಗೆ ಕೊಡುವುದು ಮಾತ್ರ ಮಾಸ್ತರರ ಕೆಲಸ. ಹಾಳೆ ಮಡಿಸುವಾಗ ಅವರ ಕಣ್ಣಿಗೆ ಬಿತ್ತು. ನಾಲ್ಕು ವರ್ಷ ಸರಿ ಇದ್ದವು, ಮೂರನೆಯ ವರ್ಷದ ಜಿಗಿತವೂ ಸರಿಯಾಗಿತ್ತು. ಐದನೆಯದರಲ್ಲಿ ಹುಡುಗರು ಹನ್ನೊಂದು ಕಳೆಯುವ ಬದಲು ಕೂಡಿಸಿದ್ದರು. ಎಳ್ಳಮಾಸಿ ಬಹಮನ್ ಬಿಟ್ಟು ಮುಂದಿನ ಇಸ್ಫಂದಾರ್ ತಿಂಗಳಿಗೆ ಹೋಗಿ ಕೂತಿತ್ತು.

ಕಿಸೆಯಲ್ಲಿ ಸೀಸದ ಕಡ್ಡಿ ಇತ್ತು. ಎರಡು ಅಂಕಿ ತಿದ್ದಿದರೆ ಆಗುತ್ತಿತ್ತು. ಹುಡುಗರಿಗೆ ಕೂಡ ತಿಳಿಯುತ್ತಿರಲಿಲ್ಲ. ಅಂಚೆಗೆ ಹಾಕಲು ಜೊತೆಗೆ ಹೋಗಿದ್ದ ನಮ್ಮಜ್ಜ, ಮಾಸ್ತರರು ಹಾಳೆಯನ್ನು ಎರಡು ಸಲ ಮಡಿಸಿ, ಎರಡು ಸಲ ಬಿಚ್ಚಿದ್ದನ್ನು ನೋಡಿದ. ಏನಾದರೂ ತಪ್ಪಿದೆಯೇ ಎಂದು ಕೇಳಿದ.

"ನನಗ ಹೇಳಾಕ ಹುಕುಂ ಇಲ್ಲಪ," ಎಂದರು ಮಾಸ್ತರರು. ಲಕೋಟೆಗೆ ಗೋಂದು ಹಚ್ಚಿ, ಅಂಗೈಯಿಂದ ಒತ್ತಿ, ಡಬ್ಬಿಗೆ ಹಾಕಿದರು.

ಹನ್ನೆರಡು ದಿನಕ್ಕೆ ಉತ್ತರ ಬಂತು. ಹುಡುಗರ ಹಾಳೆಯೇ ವಾಪಸ್ ಬಂದಿತ್ತು. ಐದನೆಯ ವರ್ಷದ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಉರ್ದುವಿನಲ್ಲಿ ಎರಡು ಸಾಲು: ಈ ತಪ್ಪು ಹುಡುಗರದೇ, ಆದ್ದರಿಂದ ಮೇಲಿನ ನಾಲ್ಕೂ ಅವರವೇ ಎಂದು ನಂಬಿದ್ದೇನೆ. ಈ ಕ್ರಮದಲ್ಲೇ ಕಲಿಸಲು ಅಪ್ಪಣೆ ಇದೆ.

ಗುಲಾಮ್ ರಸೂಲ್ ಸಾಹೇಬರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಬಿಂದಪ್ಪ ಮಾಸ್ತರರು ಹಾಳೆ ತೆಗೆದುಕೊಂಡು ಕೋಣೆಗೆ ಹೋಗಿ, ಐದನೆಯ ವರ್ಷದ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಹುಡುಗರ ಕಡೆ ತಿರುಗಿದರು.

"ಹೌದಾ?" ಎಂದರು. "ಹೆಂಗ ಬಂತು, ತೋರಸ್ರಿ."